ಬೀಗರು ಬಂದಾಗ ಕಂಪ್ಯೂಟರ್ ಕೊಡೋದು ಹೆಂಗ

ಎಲ್ಲಾರಿಗೂ ನಮಸ್ಕಾರ್ರಿ.

ಗವಿಮಠದ ಜಾತ್ರಿ ಬಂತಂದ್ರ ನಮ್ಮ ಕೊಪ್ಪಳದಾಗ ಯಾವ ಮನಿಯೂ ಖಾಲಿ ಇರಂಗಿಲ್ಲ. ತೇರಿಗೆ ಅಂತ ಬಂದ ಬೀಗರು ಮಠದ ದಾಸೋಹ ಉಂಡು ಮೂರ್ನಾಕು ದಿವಸ ಉಳೀತಾರ, ಕುಷ್ಟಗಿಯಿಂದ ಅತ್ತಿ ಮನಿಯವರು, ಸಿಂಧನೂರಿಂದ ತಂಗಿ ಮಕ್ಕಳು, ಗಂಗಾವತಿಯಿಂದ ಗೆಳ್ಯಾರು, ಪಡಸಾಲಿ ತುಂಬ ಹಾಸಿಗಿ. ಅವರೊಳಗ ಒಬ್ಬ ಹುಡುಗನೋ ಹುಡುಗಿನೋ ಇದ್ದೇ ಇರ್ತಾರ್ರಿ, 'ಮಾಮಾ, ಸ್ವಲ್ಪ ಕಂಪ್ಯೂಟರ್ ಕೊಡ್ರಿ, ಅರ್ಜಿ ಹಾಕೋದೈತಿ, ಇವತ್ತೇ ಲಾಸ್ಟ್ ಡೇಟು' ಅಂತ. ಇಲ್ಲ ಅನ್ನಾಕ ಬರಂಗಿಲ್ಲ, ಅನ್ನಲೂಬಾರ್ದು, ಒಂದು ನೌಕರಿ ಅರ್ಜಿ ಅಂದ್ರ ಆ ಮನಿಗೆ ಎಷ್ಟು ದೊಡ್ಡದು ಅಂತ ನಮಗೆಲ್ಲಾ ಗೊತ್ತೈತಿ. ಕಂಪ್ಯೂಟರ್ ಧಾರಾಳ ಕೊಡ್ರಿ. ನಿಮ್ಮ ಅಕೌಂಟ್ ಮಾತ್ರ ಕೊಡಬ್ಯಾಡ್ರಿ. ಇವತ್ತು ನಾನು ಹೇಳಾಕ ಬಂದಿರೋದು ಇಷ್ಟೇ.

ಈಗ ಮನಿ ಕಂಪ್ಯೂಟರಿನ್ಯಾಗ ಏನೇನ್ ಐತಿ ನೋಡ್ರಿ. ಹೊಲದ ಪತ್ರ ಸ್ಕ್ಯಾನ್ ಮಾಡಿದ್ದು ಅದರಾಗ, ಬ್ಯಾಂಕ್ ಸ್ಟೇಟ್‌ಮೆಂಟು, ದವಾಖಾನಿ ರಿಪೋರ್ಟು, ಮಗಳಿಗೆ ವರ ನೋಡಾಕ ತರಿಸಿದ ಬಯೋಡೇಟಾ, ಯಾರ್ಯಾರಿಗೆ ಎಷ್ಟು ಕೈಗಡ ಕೊಟ್ಟೀವಿ ಅನ್ನೋ ಎಕ್ಸೆಲ್ ಶೀಟು, ಎಲ್ಲಾ ಅದರಾಗ. ಬಂದವರೇನು ಕಳ್ಳರಲ್ರಿ, ನಮ್ಮವರೇ. ಆದ್ರ ಯಾವನೋ ದೂರದ ಕಳ್ಳಗ ನಿಮ್ಮ ಮಗಳ ಬಯೋಡೇಟಾ ತಗೊಂಡು ಆಗಬೇಕಾಗಿದ್ದೇನು? ಅದನ್ನ ನೋಡಿ ನಾಕು ಮಂದಿ ಮುಂದ ಮಾತಾಡೋರು ನೆಂಟರೇ. ನನಗ ಗೊತ್ತಿರೋ ಒಂದು ಮನ್ಯಾಗ ಆ ಹೆಣ್ಮಗಳು ವಾಟ್ಸ್ಆಪ್ ವೆಬ್ ಹಚ್ಚಿ ಹಂಗೇ ಬಿಟ್ಟಿದ್ಲು, ಬಂದ ಹುಡುಗ ಕ್ರೋಮ್ ತಗದ ಕೂಡ್ಲೇ ಅಕಿ ಅಕ್ಕನ ಜೋಡಿ ಮಾಡಿದ ಚಾಟ್ ಕಣ್ಣಿಗೆ ಬಿತ್ತು, ಮಕ್ಕಳಾಗಲಿ ಅಂತ ತಗೊಂತಿದ್ದ ಟ್ರೀಟ್‌ಮೆಂಟಿನ ಮಾತು ಅದು. ಅಂವ ಬೇಕಂತ ಹುಡುಕಿದ್ದಲ್ಲ, ಆದ್ರ ಓದಿದ, ಓದಿ ಅವ್ವಗ ಹೇಳಿದ. ಮುಂದ ಒಂದು ಮದುವ್ಯಾಗ ಊಟದ ಪಂಕ್ತಿಯೊಳಗ ಯಾರೋ ಒಬ್ಬರು ಎಲ್ಲಾರ ಎದುರಿಗೆ 'ಯಾವ ಡಾಕ್ಟರಿಗೆ ತೋರಿಸ್ತಿದ್ದೀ ಈಗ' ಅಂತ ಕೇಳೇಬಿಟ್ರು. ಅಕಿ ಉಣ್ಣೋದು ಬಿಟ್ಟು ಎದ್ದು ಹೋದ್ಲು. ಇಂಥದ್ದಕ್ಕ ಯಾವ ಆಂಟಿವೈರಸ್ಸೂ ಇಲ್ರಿ.

ನಮ್ಮ ಹಳೇ ಮನಿ ಕಟ್ಟಿದವರಿಗೆ ಇದು ಚೊಲೋ ಗೊತ್ತಿತ್ತು, ಬಂದವರಿಗೆ ಪಡಸಾಲಿ, ದುಡ್ಡು ದಾಗೀನ ಒಳಗಿನ ಖೋಲ್ಯಾಗ, ಪಡಸಾಲ್ಯಾಗ ಕುಂದ್ರಿಸಿದ್ರು ಅಂತ ಯಾರೂ ಸಿಟ್ಟಾಗಲಿಲ್ಲ. ಕಂಪ್ಯೂಟರಿನ್ಯಾಗೂ ಅಂಥದೊಂದು ಪಡಸಾಲಿ ಮಾಡಿಡಬೇಕು. ವಿಂಡೋಸ್‌ನ್ಯಾಗ ಸೆಟ್ಟಿಂಗ್ಸ್‌ಗೆ ಹೋಗ್ರಿ, ಅಕೌಂಟ್ಸ್ ಒತ್ರಿ, ಅದರಾಗ ಅದರ್ ಯೂಸರ್ಸ್ ಅಂತ ಬರ್ತದ, ವಿಂಡೋಸ್ 10 ಇದ್ದವರಿಗೆ ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್ ಅಂತ ಇರ್ತದ, ಆಡ್ ಅಕೌಂಟ್ (ವಿಂಡೋಸ್ 10ರಾಗ ಆಡ್ ಸಮ್‌ವನ್ ಎಲ್ಸ್ ಟು ದಿಸ್ ಪಿಸಿ) ಕೊಡ್ರಿ. ಅದು ಇಮೇಲ್ ಕೇಳ್ತದ, ಹೆದರಬ್ಯಾಡ್ರಿ, ಈ ವ್ಯಕ್ತಿಯ ಮಾಹಿತಿ ನನ್ನ ಹತ್ರ ಇಲ್ಲ ಅನ್ನೋ ಸಾಲು ಕೆಳಗೇ ಇರ್ತದ, ಅದನ್ನ ಒತ್ತಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದ ಯೂಸರ್ ಅನ್ನೋದನ್ನ ಆರಿಸಿಕೊಳ್ರಿ. ಹೆಸರು ಗೆಸ್ಟ್ ಅಂತ ಇಡಾಕ ಹೋದ್ರ ಅದು ಒಪ್ಪಂಗಿಲ್ಲ, ಆ ಹೆಸರು ವಿಂಡೋಸ್ ತನಗ ಅಂತ ಇಟಗೊಂಡೈತಿ, ಬೀಗರು ಅಂತ ಇಡ್ರಿ, ಅತಿಥಿ ಅಂತ ಇಡ್ರಿ. ಅಕೌಂಟ್ ಟೈಪ್ ಸ್ಟ್ಯಾಂಡರ್ಡ್ ಇರಬೇಕು, ಅಡ್ಮಿನಿಸ್ಟ್ರೇಟರ್ ಮಾತ್ರ ಮಾಡಬ್ಯಾಡ್ರಿ. ಸ್ಟ್ಯಾಂಡರ್ಡ್ ಇದ್ದವರು ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ತಗ್ಯಾಕ ಹೋದ್ರ ವಿಂಡೋಸ್ ಅಡ್ಮಿನ್ ಪಾಸ್‌ವರ್ಡ್ (ಅಂದ್ರ ನಿಮ್ಮದು) ಕೇಳಿ ನಿಂದ್ರಿಸ್ತದ. ಇನ್ನ ನಿಮ್ಮ ಸ್ವಂತ ಅಕೌಂಟಿಗೇ ಪಾಸ್‌ವರ್ಡ್ ಇಲ್ಲಂದ್ರ ಇಷ್ಟೆಲ್ಲಾ ಮಾಡಿದ್ದು ದಂಡ, ಮೊದಲು ಅದನ್ನ ಹಾಕ್ರಿ. ಚಾ ಕುಡ್ಯಾಕ ಏಳುವಾಗ ವಿಂಡೋಸ್ ಕೀ ಮತ್ತ ಎಲ್ ಕೂಡಿಸಿ ಒತ್ತಿದ್ರ ಸ್ಕ್ರೀನ್ ಲಾಕ್. ಆಪಲ್ ಮ್ಯಾಕ್ ಇದ್ದವರಿಗೆ ಗೆಸ್ಟ್ ಯೂಸರ್ ರೆಡಿನೇ ಇರ್ತದ, ಆನ್ ಮಾಡಿದ್ರ ಆತು.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು, ಯಾಕಂದ್ರ ನಮ್ಮ ಕಡೆ ಕಂಪ್ಯೂಟರ್ ಜೋಡಿಸಿ ಕೊಡೋರು ಸಿ ಡ್ರೈವ್ ಡಿ ಡ್ರೈವ್ ಅಂತ ಭಾಗ ಮಾಡಿ, ವಿಂಡೋಸ್ ಕೆಟ್ರೂ ಫೈಲ್ ಉಳೀಲಿ ಅಂತ, ಇಂಪಾರ್ಟೆಂಟ್ ಎಲ್ಲಾ ಡಿ ಡ್ರೈವ್‌ನ್ಯಾಗ ಇಡ್ರಿ ಅಂತ ಹೇಳಿ ಹೋಗಿರ್ತಾರ. ಆ ಡಿ ಡ್ರೈವ್ ಸಾಮಾನ್ಯವಾಗಿ ಎಲ್ಲಾ ಅಕೌಂಟಿಗೂ ತೆರೆದೇ ಇರ್ತದ್ರಿ, ಬೀಗರ ಅಕೌಂಟಿನಿಂದ ತಗದು ನೋಡಬಹುದು, ಸಣ್ಣ ಹುಡುಗ್ರು ಡಿಲೀಟ್ ಕೂಡ ಮಾಡಬಹುದು. ಬೀಗರ ಅಕೌಂಟ್ ಮಾಡಿದ ಮ್ಯಾಲೆ ನೀವೇ ಅದರಾಗ ಹೊಕ್ಕು ಡಿ ಡ್ರೈವ್ ತಗದು ನೋಡ್ರಿ, ಏನು ಕಾಣಸ್ತದೋ ಅದೆಲ್ಲಾ ಬಂದವರಿಗೂ ಕಾಣಸ್ತದ. ಖಾಸಗಿ ಫೋಲ್ಡರ್ ಇದ್ರ ನಿಮ್ಮ ಡಾಕ್ಯುಮೆಂಟ್ಸ್ ಒಳಗ ತಂದು ಇಡ್ರಿ, ಒಂದು ಕಾಪಿ ಪೆನ್‌ಡ್ರೈವಿಗೆ ಹಾಕಿ ಬೀರುನ್ಯಾಗ ಇಟ್ರ ಇನ್ನೂ ಚೊಲೋ.

ಮಂದಿ ಕ್ರೋಮಿನ್ಯಾಗ ಇಂಕಾಗ್ನಿಟೋ ಅನ್ನೋ ಕಿಟಕಿ ತಗದು ಕೊಟ್ಟು ಆತು ಅಂತ ನೆಮ್ಮದಿಲೆ ಕುಂತಿರ್ತಾರ. ಅದು ಅವರು ಏನು ನೋಡಿದ್ರು ಅನ್ನೋದನ್ನ ನಿಮ್ಮ ಹಿಸ್ಟರಿನ್ಯಾಗ ಉಳಿಸಂಗಿಲ್ಲ ಅಷ್ಟೇ, ನಿಮ್ಮ ಬುಕ್‌ಮಾರ್ಕು, ನೀವು ಸೇವ್ ಮಾಡಿದ ಪಾಸ್‌ವರ್ಡು ಅಲ್ಲೂ ಸಿಗ್ತಾವ. ಬ್ಯಾರೆ ಅಕೌಂಟ್ ಮಾಡೋವಷ್ಟು ಟೈಮ್ ಇಲ್ಲ, ಹುಡುಗಿ ಬಾಜುಕ ನಿಂತಾಳ ಅಂದ್ರ, ಕ್ರೋಮಿನ ಮ್ಯಾಲೆ ಬಲಕ್ಕ ನಿಮ್ಮ ಫೋಟೋ ಇರ್ತದಲ್ಲ ಅದನ್ನ ಒತ್ತಿ ಗೆಸ್ಟ್ ಮೋಡ್ ತಗದು ಕೊಡ್ರಿ. ಅದರಾಗ ನಿಮ್ದೇನೂ ಕಾಣಂಗಿಲ್ಲ, ಕಿಟಕಿ ಮುಚ್ಚಿದ್ರ ಅವರ ಲಾಗಿನ್ನೂ ಉಳ್ಯಂಗಿಲ್ಲ. ಆದ್ರ ಡೌನ್‌ಲೋಡ್ ಮಾಡಿದ ಫೈಲ್ ಉಳೀತದ, ಮತ್ತ ಗೆಸ್ಟ್ ಮೋಡ್ ಕಾಯೋದು ಬ್ರೌಸರ್ ಒಂದನ್ನೇ, ಡೆಸ್ಕ್‌ಟಾಪ್ ಮ್ಯಾಲಿನ ಫೈಲ್‌ಗಳನ್ನ ಅಲ್ಲ.

ಡೌನ್‌ಲೋಡ್ಸ್ ಫೋಲ್ಡರ್ ಅಂದ ಕೂಡ್ಲೇ ನನಗ ಇ-ಆಧಾರ್ ನೆನಪಾಗ್ತದ. ಆ ಪಿಡಿಎಫ್‌ಗೆ ಪಾಸ್‌ವರ್ಡ್ ಐತಲ್ಲ ಅಂತ ನಾವು ಧೈರ್ಯದಿಂದ ಹಂಗೇ ಬಿಟ್ಟಿರ್ತೀವಿ. ಆ ಪಾಸ್‌ವರ್ಡ್ ಏನ್ರಿ? ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಕ್ಯಾಪಿಟಲ್‌ನ್ಯಾಗ, ಅದರ ಮುಂದ ಹುಟ್ಟಿದ ಇಸವಿ. ಬಸವರಾಜ, 1985 ಅಂದ್ರ ಬಿ ಎ ಎಸ್ ಎ 1985, ಮುಗೀತು. ಅಪರಿಚಿತರಿಗೆ ಅದು ಬೀಗ, ನಿಮ್ಮ ಸೋದರಮಾವಗ ಅದೆಂಥಾ ಬೀಗ? ನಿಮ್ಮ ಹೆಸರು, ಹುಟ್ಟಿದ ವರ್ಷ ಗೊತ್ತಿಲ್ಲದ ನೆಂಟರು ಯಾರದಾರ? ಕೆಲಸ ಮುಗಿದ ಮ್ಯಾಲೆ ಅದನ್ನ ಅಳಿಸಿ ರೀಸೈಕಲ್ ಬಿನ್ನೂ ಖಾಲಿ ಮಾಡ್ರಿ, ಇಲ್ಲಾ ಮಾಸ್ಕ್ಡ್ ಆಧಾರ್ ತಗೀರಿ, ಅದರಾಗ ಕಡೀ 4 ಅಂಕಿ ಮಾತ್ರ ಕಾಣ್ತಾವ. ಇದೇ ಆಧಾರ್ ವಿಷಯ ಹಿಡಕೊಂಡು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಾಗ ಸುಪ್ರೀಂ ಕೋರ್ಟಿಗೆ ಹೋಗಿದ್ರು, 2017ರ ಆಗಸ್ಟ್ 24ಕ್ಕ 9 ನ್ಯಾಯಮೂರ್ತಿಗಳು ಒಂದೇ ದನಿಯಿಂದ ಖಾಸಗಿತನ ಮೂಲಭೂತ ಹಕ್ಕು ಅಂದ್ರು. ವಯಸ್ಸಾದ ಮ್ಯಾಲೂ ಅಷ್ಟು ದೂರ ಹೋಗಿ ಬಡಿದಾಡಿದ ಹಿರಿಯರವರು, ಅವರ ಬಗ್ಗೆ ನನಗ ಭಾಳ ಗೌರವ ಐತಿ. ಆ ಕೇಸು ಸರ್ಕಾರದ ಜೋಡಿ ನಡೆದದ್ದು. ಮನಿ ಒಳಗಿಂದು ನಾವೇ ನೋಡಿಕೋಬೇಕು.

ಮಂದಿಗೆ ತ್ರಾಸಾಗೋದು ಇದನ್ನೆಲ್ಲಾ ಮಾಡೋದಲ್ಲ, ಹೇಳೋದು. 'ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು' ಅಂದುಬಿಟ್ರ ಅಂತ ಅಂಜಿಕಿ. ಅದಕ್ಕ ಅವರು ಬರೋ ಮುಂಚೇನೇ ಮಾಡಿಟ್ಟಿರ್ರಿ. ಅವರು ಕುಂತ ಮ್ಯಾಲೆ ಎದುರಿಗೆ ಫೈಲ್ ಅಡಗಿಸಿದ್ರ ಯಾರಿಗಾದ್ರೂ ಮನಸಿಗೆ ಹತ್ತತದ. 'ನಿಮಗಂತ ಬ್ಯಾರೇನೇ ಮಾಡೀವಿ, ಆರಾಮ ಕೂತು ಮಾಡ್ರಿ' ಅಂದು ಎದ್ದು ಹೋಗ್ರಿ, ಬೆನ್ನ ಹಿಂದ ನಿಂದ್ರಬ್ಯಾಡ್ರಿ, ಅವರಿಗೂ ತಮ್ಮ ಪಾಸ್‌ವರ್ಡ್ ಟೈಪ್ ಮಾಡೋದಿರ್ತದ. ಹೆಣ್ಮಕ್ಕಳಿಗಂತೂ ಇದು ಇನ್ನೂ ದೊಡ್ಡದು, ಬಂದಾಕಿ ತನ್ನ ಮೇಲ್ ನಿಮ್ಮ ಮನ್ಯಾಗ ಯಾರೂ ಓದಂಗಿಲ್ಲ ಅಂತ ಧೈರ್ಯದಿಂದ ತಗೀಬೇಕು.

ಜಾತ್ರಿ ಮುಗಿದು ಎಲ್ಲಾರೂ ಬಸ್ ಹತ್ತಿದ ಮ್ಯಾಲೆ ನಿಮ್ಮ ಫೋನಿನ ವಾಟ್ಸ್ಆಪ್‌ನ್ಯಾಗ ಲಿಂಕ್ಡ್ ಡಿವೈಸಸ್ ತಗದು ನೋಡ್ರಿ, ಒಂದು ನಂಬರಿಗೆ 4 ಡಿವೈಸ್ ತನಕ ಜೋಡಿಸಾಕ ಬರ್ತದ, ಗುರುತು ಸಿಗದ್ದು ಇದ್ರ ಲಾಗೌಟ್ ಒತ್ರಿ. ಯಾರಾದ್ರೂ ಮೋಸದಿಂದ ನಿಮ್ಮ ಪಾಸ್‌ವರ್ಡ್ ಬಳಸಿದ್ರ ಐಟಿ ಕಾಯ್ದೆಯ 66ಸಿ ಕಲಮಿನ ಪ್ರಕಾರ 3 ವರ್ಷದ ತನಕ ಜೈಲು ಐತಿ, ದುಡ್ಡು ಹೋಗಿದ್ರ ತಡ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ರಿ. ಬೀಗರ ಅಕೌಂಟ್ ತಗದು ಹಾಕೋದಿದ್ರ ಒಂದು ಲಕ್ಷ್ಯ ಇರ್ಲಿ, ಅಕೌಂಟಿನ ಜೋಡಿ ಅದರೊಳಗಿನ ಫೈಲೂ ಹೋಗ್ತಾವ, ಅದಕ್ಕ ಆ ಹುಡುಗಿ ಹಾಕಿದ ಅರ್ಜಿ, ಫೀ ತುಂಬಿದ ರಸೀದಿ ಪಿಡಿಎಫ್ ಮೊದಲು ಅಕಿಗೆ ಕಳಿಸಿಕೊಟ್ಟು, ಬಂದಾವೇನವ್ವಾ ಅಂತ ಫೋನ್ ಮಾಡಿ ಕೇಳಿ, ಆಮ್ಯಾಲೆ ತಗೀರಿ. ನಮಸ್ಕಾರ.