ಬಾದಾಮಿಯ ಕಲ್ಲು ಕಿತ್ತಳೆ ಹಣ್ಣಲ್ಲ

ನಮಸ್ಕಾರ. ಇವತ್ತು ಟ್ರೈಪಾಡ್ ಬಗ್ಗೆ ಮಾತನಾಡಬೇಕಿತ್ತು. ಅದಕ್ಕೆಂದು ಬರೆದಿಟ್ಟುಕೊಂಡ ನಾಲ್ಕು ಪುಟ ಇಲ್ಲೇ ಮೇಜಿನ ಮೇಲಿದೆ, ಅಲ್ಲೇ ಇರಲಿ. ನಿನ್ನೆ ರಾತ್ರಿ ಬಂದ ಒಂದು ಸಾಲಿನ ಪ್ರತಿಕ್ರಿಯೆ ನನ್ನ ನಿದ್ದೆ ಕೆಡಿಸಿದೆ. ಅದನ್ನು ಹೇಳಿ ಮುಗಿಸದೆ ನನಗೆ ಬೇರೆ ಯಾವ ವಿಷಯವೂ ಬಾಯಿಗೆ ಬರುವುದಿಲ್ಲ.

ಮಾಗಡಿ ಕೆರೆಯ ಚಿತ್ರ ಹಾಕಿದ್ದೆ. ಕೆಂಪೇಗೌಡರ ಮಾಗಡಿಯಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ ಅದು. ಆದರೂ ನಮ್ಮಲ್ಲಿ ಅರ್ಧಕ್ಕರ್ಧ ಜನರಿಗೆ ಅದರ ಹೆಸರು ಗೊತ್ತಿಲ್ಲ. ಡಿಸೆಂಬರ್ ತಿಂಗಳು, ಬೆಳಿಗ್ಗೆ ಆರೂವರೆ, ನೀರಿನ ಮೇಲೆ ತೆಳ್ಳಗೆ ಮಂಜು. ಮಂಗೋಲಿಯಾದ ಕಡೆಯಿಂದ ಹಿಮಾಲಯವನ್ನು ಹಾರಿ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಹೊಲದಲ್ಲಿ ಮೇದು ಕೆರೆಗೆ ಮರಳಿ ಇಳಿಯುತ್ತಿದ್ದವು. ಆ ಚಿತ್ರದ ಕೆಳಗೆ ಒಬ್ಬರು ಬರೆದರು: "ಚಿತ್ರ ಮಂಕಾಗಿದೆ, ಸ್ವಲ್ಪ ಬಣ್ಣ ಏರಿಸಿ ಹಾಕಿ."

ಆ ಹಕ್ಕಿಯ ಮೈ ಬೂದು ಬಣ್ಣದ್ದು, ಸ್ವಾಮಿ. ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಕೊಕ್ಕು ಮತ್ತು ಕಾಲಿನಲ್ಲಿ ಮಾತ್ರ ಹಳದಿ ಬೆರೆತ ಕಿತ್ತಳೆ. ಅದರ ಚೆಲುವೆಲ್ಲ ಇರುವುದು ಆ ಬೂದಿನಲ್ಲಿ: ಎದೆಯ ಮೇಲೆ ಒಂದು ಬೂದು, ರೆಕ್ಕೆಯ ಅಂಚಿನಲ್ಲಿ ಇನ್ನೊಂದು, ಮಂಜಿನದೇ ಮತ್ತೊಂದು. ಬಣ್ಣದ ಗುಂಡಿಯನ್ನು ಬಲಕ್ಕೆ ಎಳೆದರೆ ಏನಾಗುತ್ತದೆ ಗೊತ್ತೇ? ಬೂದಿನೊಳಗೆ ಅಡಗಿರುವ ನಸುನೀಲಿ ಎದ್ದು ನಿಂತು ಹಕ್ಕಿ ನೀಲಿಯಾಗುತ್ತದೆ, ಕಾಲುಗಳು ಬೆಂಕಿ ಹತ್ತಿದಂತೆ ಉರಿಯುತ್ತವೆ, ಮಂಜು ನೀಲಿ ಹೊಗೆಯಾಗುತ್ತದೆ. ಅಂತಹ ಹಕ್ಕಿ ಮಾಗಡಿ ಕೆರೆಗೆ ಯಾವ ಚಳಿಗಾಲದಲ್ಲೂ ಬಂದಿಲ್ಲ.

ನಾನು ಹೇಳುವುದು ಇಷ್ಟೇ. ನೋಡಿದ ಬಣ್ಣವನ್ನು ತೋರಿಸಿ. ನೋಡದ ಬಣ್ಣವನ್ನು ತೋರಿಸಬೇಡಿ.

ಹೊಸದಾಗಿ ಕೇಳುತ್ತಿರುವವರು ಚಾನೆಲ್‌ಗೆ ಚಂದಾದಾರರಾಗಿ, ಪಕ್ಕದ ಗಂಟೆಯನ್ನೂ ಒತ್ತಿ. ಪ್ರತಿ ಗುರುವಾರ ಇಲ್ಲಿ ಒಂದು ಊರು, ಒಂದು ಬೆಳಕು, ಒಂದು ಚಿತ್ರ ಇರುತ್ತದೆ. ಈಗ ಮಿರ್ಜಾನಿಗೆ ಬನ್ನಿ.

ಉತ್ತರ ಕನ್ನಡದಲ್ಲಿ ಕುಮಟಾದ ಹತ್ತಿರ, ಅಘನಾಶಿನಿಯ ಕಡೆಗೆ, ಮಿರ್ಜಾನ್ ಕೋಟೆ ಇದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಬೆಸೆದುಕೊಂಡ ಕೋಟೆ. ಅವಳನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಕೋಟೆ ಪೂರ್ತಿ ಜಂಬಿಟ್ಟಿಗೆ ಕಲ್ಲಿನದು. ಘಟ್ಟದ ಕೆಳಗೆ ಚೀರೆಕಲ್ಲು ಎನ್ನುತ್ತಾರೆ, ತುಳುನಾಡಿನ ಕಡೆ ಮುರಕಲ್ಲು. ಈಸ್ಟ್ ಇಂಡಿಯಾ ಕಂಪನಿಗಾಗಿ ನಮ್ಮ ನಾಡನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕನನ್ ಈ ಕಲ್ಲನ್ನು ಮಲಬಾರಿನಲ್ಲಿ ಕಂಡು 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯ ಒಳಗೂ ಇಟ್ಟಿಗೆಯೇ ಕೂತಿದೆ. ಎಲ್ಲಿಯ ಲ್ಯಾಟಿನ್, ಎಲ್ಲಿಯ ಕನ್ನಡ, ಎರಡೂ ಒಂದೇ ಕಲ್ಲನ್ನು ನೋಡಿ ಒಂದೇ ಮಾತು ಹೇಳಿವೆ. ಈ ಸಂಗತಿ ನೆನಪಾದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಕಲ್ಲಿಗೆ ಎಷ್ಟು ಬಣ್ಣ! ಹೊಸದಾಗಿ ಕಡಿದಾಗ ಮೆತ್ತಗಿರುತ್ತದೆ. ಅರಿಶಿನ, ಕೆಂಪು, ಅಲ್ಲಲ್ಲಿ ಊದಾ ಮಚ್ಚೆ. ಗಾಳಿಗೆ ಒಡ್ಡಿಕೊಂಡು ಗಟ್ಟಿಯಾಗುತ್ತಾ ಕಪ್ಪಡರುತ್ತದೆ. ಮಳೆ ಹಿಡಿದರೆ ಗೋಡೆಯ ತುಂಬ ಪಾಚಿ, ಪಾಚಿಯ ಮೇಲೆ ಜರಿಗಿಡ. ಜೂನ್ ಕೊನೆಯ ಹಸಿರು ಎಳೆಯದು, ಆಗಸ್ಟಿನದು ಕಡುಹಸಿರು, ನವೆಂಬರ್ ಹೊತ್ತಿಗೆ ಅದೇ ಹಸಿರು ಒಣಗಿ ಕಂದಾಗುತ್ತದೆ. ಊರನ್ನು ಬಲ್ಲವರು ಆ ಹಸಿರನ್ನು ನೋಡಿ ಚಿತ್ರ ಯಾವ ತಿಂಗಳಿನದು ಎಂದು ಹೇಳಬಲ್ಲರು. ಆದರೆ ಜಾಲದಲ್ಲಿ ಹರಿದಾಡುವ ಮಿರ್ಜಾನಿನ ಚಿತ್ರಗಳಲ್ಲಿ ಹನ್ನೆರಡು ತಿಂಗಳೂ ಒಂದೇ ಗಿಳಿಹಸಿರು! ಜೂನ್ ಎಲ್ಲಿ ಹೋಯಿತು? ಆಗಸ್ಟ್ ಎಲ್ಲಿ ಹೋಯಿತು? ಮಳೆ ಮೂರು ತಿಂಗಳು ಕೂತು ಮಾಡಿದ ಕೆಲಸವನ್ನು ಒಂದು ಬೆರಳು ಎರಡು ಸೆಕೆಂಡಿನಲ್ಲಿ ಅಳಿಸಿ ಹಾಕಿದೆ.

ಬಾದಾಮಿಯ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನವಿದೆ, ಕ್ರಿ.ಶ. 578ರದು. ಅದನ್ನು ಎಲ್ಲರೂ ನೋಡುತ್ತಾರೆ. ಊರಿನಿಂದ ಆಚೆ ಕಲ್ಲುಬಂಡೆಗಳ ನಡುವೆ ನಡೆದುಹೋದರೆ ಸಿಡ್ಲಫಡಿ ಸಿಗುತ್ತದೆ, ಬಂಡೆಯ ಆಸರೆಯಲ್ಲಿ ಆದಿಮಾನವರು ಬರೆದ ಕೆಂಪು ಚಿತ್ರಗಳ ಜಾಗ. ಅಲ್ಲಿಗೆ ಹೋಗುವವರು ಕಡಿಮೆ. ಇಡೀ ಸೀಮೆಯ ಮರಳುಗಲ್ಲಿಗೆ ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಆದರೆ ಅದು ಒಂದೇ ಕೆಂಪಲ್ಲ. ಬಂಡೆಯನ್ನು ಹತ್ತಿರದಿಂದ ನೋಡಿ: ಒಂದು ಪದರ ಕಾವಿ, ಅದರ ಕೆಳಗೆ ಕೆನೆಬಣ್ಣ, ಮತ್ತೆ ಊದಾ, ಮತ್ತೆ ನಸುಗೆಂಪು. ಹರಿವ ನೀರು ಮರಳನ್ನು ಓರೆಯಾಗಿ ಜೋಡಿಸಿಟ್ಟ ಗುರುತು ಆ ಪದರಗಳಲ್ಲಿದೆ. ನದಿ ಹೋಗಿ ಎಷ್ಟೋ ಯುಗಗಳಾಗಿವೆ, ಅದರ ಕೈಬರಹ ಉಳಿದಿದೆ.

ಈಗ ತಾಂತ್ರಿಕ ಮಾತು ಕೇಳಿ. ಮೊಬೈಲಿನಲ್ಲಿ ನೀವು ನೋಡುವ ಸಾಮಾನ್ಯ ಚಿತ್ರದಲ್ಲಿ ಕೆಂಪಿನ ಅಳತೆ 0ಯಿಂದ 255ರವರೆಗೆ. ಬಣ್ಣವನ್ನು ಏರಿಸುತ್ತಾ ಹೋದರೆ ಮೊದಲೇ ಕೆಂಪಾದ ಪದರ 255 ಮುಟ್ಟಿ ನಿಲ್ಲುತ್ತದೆ. ಪಕ್ಕದ ಪದರವೂ ಬಂದು ಅಲ್ಲಿಗೇ ತಾಗುತ್ತದೆ, ಅದರ ಪಕ್ಕದ್ದೂ ಅಷ್ಟೇ. ಎಲ್ಲವೂ ಒಂದೇ ಚಾವಣಿಗೆ ತಲೆ ಬಡಿದುಕೊಂಡು ನಿಂತ ಮೇಲೆ ವ್ಯತ್ಯಾಸ ಎಲ್ಲಿ ಉಳಿಯಿತು? ನದಿಯ ಕೈಬರಹ ಮಾಯ. ಉಳಿದದ್ದು ನಯವಾದ, ಹೊಳೆಯುವ, ಸುಲಿದಿಟ್ಟಂತಹ ಒಂದು ಕಿತ್ತಳೆ. ಬಾದಾಮಿಯ ಕಲ್ಲು ಕಿತ್ತಳೆ ಹಣ್ಣಲ್ಲ!

ಒಮ್ಮೆ ಕ್ಯಾಲೆಂಡರಿಗೆಂದು ನನ್ನ ಬಾದಾಮಿಯ ಚಿತ್ರವನ್ನು ಒಂದು ಮುದ್ರಣಾಲಯಕ್ಕೆ ಕೊಟ್ಟಿದ್ದೆ. ಭೂತನಾಥ ದೇವಾಲಯ, ಅಗಸ್ತ್ಯತೀರ್ಥ, ಮೋಡ ಮುಚ್ಚಿದ ಸಂಜೆ. ಅಚ್ಚಾಗಿ ಬಂದದ್ದನ್ನು ನೋಡಿದರೆ ಕೆರೆ ಈಜುಕೊಳದ ನೀಲಿ, ಬಂಡೆ ಬೆಂಕಿ. "ಜನರಿಗೆ ಹೀಗೇ ಇಷ್ಟ ಸಾರ್" ಎಂದರು. ಅಂದಿನಿಂದ ಪ್ರತಿ ವರ್ಷ ಅಚ್ಚಿನ ಯಂತ್ರದ ಪಕ್ಕದಲ್ಲಿ ನಾನೇ ನಿಂತು ಮೊದಲ ಹಾಳೆ ನೋಡುತ್ತೇನೆ. ಮುಂದಿನ ವರ್ಷದ ಕ್ಯಾಲೆಂಡರಿನಲ್ಲೂ ಹಾಗೆಯೇ ಮಾಡಲಿದ್ದೇನೆ. ಹನ್ನೆರಡು ಹಾಳೆ, ಹನ್ನೆರಡು ಊರು, ಒಂದರಲ್ಲೂ ಏರಿಸಿದ ಬಣ್ಣವಿಲ್ಲ. ಬೇಕಾದವರು ಈಗಲೇ ಹೇಳಿಡಿ, ಪ್ರತಿಗಳನ್ನು ಎಣಿಸಿಯೇ ಅಚ್ಚು ಹಾಕಿಸುತ್ತೇನೆ.

"ಅಷ್ಟಕ್ಕೂ ಯಾರಿಗೆ ನಷ್ಟ?" ಎಂದು ಕೇಳುವವರಿದ್ದಾರೆ. ಹೇಳುತ್ತೇನೆ. 2022ರಲ್ಲಿ ಮಳೆಗಾಲದ ಕೊನೆಗೆ ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಗಳಲ್ಲಿ ನೀಲಕುರಿಂಜಿ ಅರಳಿತ್ತು. ನೀಲಿಗೂ ಊದಾಕ್ಕೂ ನಡುವಿನ ಬಣ್ಣ ಅದು, ಮೋಡ ಬಂದರೆ ಒಂದು, ಬಿಸಿಲು ಬಿದ್ದರೆ ಇನ್ನೊಂದು. ಅಷ್ಟು ಹೊತ್ತಿಗೆ ಎಲ್ಲರ ಮೊಬೈಲಿನಲ್ಲೂ ಚಿತ್ರ ತಲುಪಿಯಾಗಿತ್ತು. ಬೆಟ್ಟದ ಮೇಲೆ ನೇರಳೆ ಶಾಯಿ ಸುರಿದಂತಹ ಚಿತ್ರ. ನನ್ನ ಪಕ್ಕದಲ್ಲೇ ಒಂದು ಕುಟುಂಬ ಬಂದು ನಿಂತಿತು. ಅವರಲ್ಲೊಬ್ಬರು ಮೊಬೈಲ್ ನೋಡಿದರು, ಬೆಟ್ಟ ನೋಡಿದರು, ಮತ್ತೆ ಮೊಬೈಲ್ ನೋಡಿ, "ಇಷ್ಟೇನಾ?" ಎಂದರು. 12 ವರ್ಷ ಕಾದು, ಒಮ್ಮೆ ಹೂಬಿಟ್ಟು, ಬೀಜ ಕಟ್ಟಿ ಸಾಯುವ ಗಿಡ. ಅದರ ಎದುರು ನಿಂತು ಇಷ್ಟೇನಾ! ಅವರನ್ನು ನಾನು ದೂರುವುದಿಲ್ಲ. ಅವರ ಕಣ್ಣನ್ನು ಮೊದಲೇ ಕೆಡಿಸಿ ಕಳಿಸಿದವರು ಬೇರೆ ಇದ್ದಾರೆ. ನಷ್ಟ ಯಾರಿಗೆ ಎಂದಿರಲ್ಲ, ಆ ಹೂವಿಗೆ. ಆ ಬೆಟ್ಟಕ್ಕೆ. 2034ರವರೆಗೆ ಆ ಬೆಟ್ಟ ಮತ್ತೆ ಹಾಗೆ ಅರಳುವುದಿಲ್ಲ ಎಂದು ತಿಳಿಯದೆ ಇಳಿದುಹೋದ ಆ ಕುಟುಂಬಕ್ಕೆ.

ಪೆರು ದೇಶದಲ್ಲೂ ಇದೇ ಕಥೆ. ವಿನಿಕುಂಕಾ ಎಂಬ ಏಳುಬಣ್ಣದ ಬೆಟ್ಟ, 5,000 ಮೀಟರಿಗಿಂತ ಎತ್ತರದಲ್ಲಿದೆ. ಉಸಿರು ಕಟ್ಟಿಸಿಕೊಂಡು ಹತ್ತಿದವರಲ್ಲಿ ಎಷ್ಟೋ ಜನ ಚಿತ್ರದಲ್ಲಿ ಕಂಡ ಬಣ್ಣ ಇಲ್ಲಿಲ್ಲವಲ್ಲ ಎಂದು ಗೊಣಗುತ್ತಾರೆ. ಪಾಪ, ಬೆಟ್ಟ ಏನು ಮಾಡಬೇಕು?

ಇನ್ನು ಬುದ್ಧಿವಂತರ ವಾದಗಳು. "ಕ್ಯಾಮೆರಾ ತಾನೇ ಬಣ್ಣವನ್ನು ಊಹಿಸುತ್ತದೆ, ನಾವು ತಿದ್ದಿದರೆ ಏನು ತಪ್ಪು?" ಕ್ಯಾಮೆರಾ ಊಹಿಸುತ್ತದೆ, ಹೌದು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ, ಬಣ್ಣ ಸೋಸುವ ಜಾಲರಿಯೇ ಇಂದಿಗೂ ಬಹುತೇಕ ಕ್ಯಾಮೆರಾಗಳಲ್ಲಿದೆ. ಅರ್ಧದಷ್ಟು ಚುಕ್ಕಿಗಳು ಹಸಿರನ್ನು ಅಳೆಯುತ್ತವೆ, ಕಾಲು ಭಾಗ ಕೆಂಪನ್ನು, ಕಾಲು ಭಾಗ ನೀಲಿಯನ್ನು. ಪ್ರತಿ ಚುಕ್ಕಿಗೂ ಉಳಿದೆರಡು ಬಣ್ಣವನ್ನು ನೆರೆಹೊರೆಯಿಂದ ಲೆಕ್ಕ ಹಾಕುತ್ತಾರೆ. ಅದಕ್ಕೇ ಅಲ್ಲವೇ ನಿಮ್ಮ ಕಣ್ಣು ಬೇಕಾಗುವುದು? ತಿದ್ದಬೇಡಿ ಎಂದು ನಾನು ಹೇಳಿದೆನೇ? ನಾನೂ ತಿದ್ದುತ್ತೇನೆ, ಕಂಡದ್ದರ ಕಡೆಗೆ ತಿದ್ದುತ್ತೇನೆ. ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕವಿದೆ. ಚಿತ್ರ ತೆಗೆದ ಜಾಗದಲ್ಲೇ ನಿಂತು ಬಣ್ಣವನ್ನು ಮಾತಿನಲ್ಲಿ ಬರೆದುಕೊಳ್ಳುತ್ತೇನೆ: "ನೀರು ರಾಗಿ ಅಂಬಲಿಯಂತೆ", "ಬಂಡೆ ಹಳೆಯ ಹಂಚಿನಂತೆ", "ಆಕಾಶ ಒಗೆದೊಗೆದು ಮಾಸಿದ ಪಂಚೆಯಂತೆ". ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತಾಗ ಆ ಮಾತಿಗೆ ಸರಿಯಾಗಿ ಚಿತ್ರವನ್ನು ತರುತ್ತೇನೆ. ನನ್ನ ಕಾರ್ಯಾಗಾರದಲ್ಲಿ ಮೊದಲ ದಿನ ಕ್ಯಾಮೆರಾ ಮುಟ್ಟಲು ಬಿಡುವುದಿಲ್ಲ, ಈ ಬರವಣಿಗೆಯನ್ನೇ ಮಾಡಿಸುತ್ತೇನೆ. ಮುಂದಿನ ತಂಡದಲ್ಲಿ ಇನ್ನೂ ಜಾಗವಿದೆ.

"ಹಿಂದೆ ಫಿಲ್ಮೂ ಬಣ್ಣ ಏರಿಸುತ್ತಿತ್ತಲ್ಲ" ಎನ್ನುತ್ತಾರೆ. 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯಾ ಎಂಬ ಫಿಲ್ಮ್ ಏರಿಸುತ್ತಿತ್ತು, ನಿಜ. ಆಗ ಮಾಡಿದ ತಪ್ಪು ಈಗ ಸರಿಯಾಗಿಬಿಡುತ್ತದೆಯೇ? ನಮ್ಮ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರು ತೆಗೆದ ಕಪ್ಪು ಬಿಳುಪಿನ ಹಕ್ಕಿಗಳನ್ನು ನೋಡಿ. ಒಂದು ಬಣ್ಣವೂ ಇಲ್ಲ, ಒಂದು ಸುಳ್ಳೂ ಇಲ್ಲ. ಅವುಗಳ ಕೆಳಗೆ ಯಾರೂ ಮಂಕಾಗಿದೆ ಎಂದು ಬರೆಯಲಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗ ವಿಭಾಗದ ನಿಯಮವೂ ಇದನ್ನೇ ಹೇಳುತ್ತದೆ, ಏನೇ ತಿದ್ದಿದರೂ ಸಹಜವಾಗಿ ಕಾಣಬೇಕು ಎಂದು.

"ಇದು ಕಲೆ" ಎನ್ನುವವರಿಗೆ ಹೇಳುವುದು ಒಂದೇ. ಕಲೆಯಾದರೆ ಊರಿನ ಹೆಸರು ಯಾಕೆ ಹಾಕುತ್ತೀರಿ? ಬಾದಾಮಿ ಎಂದು ಬರೆದ ಮೇಲೆ ಬಾದಾಮಿಯನ್ನೇ ತೋರಿಸಿ.

ಸಂಡೂರಿನ ವಿಷಯ ಹೇಳದಿದ್ದರೆ ಈ ಮಾತು ಅಪೂರ್ಣ. ಅಲ್ಲಿಯದು ಕಬ್ಬಿಣದ ಅದಿರಿನ ಬೆಟ್ಟಗಳು. ಮಳೆಗಾಲದಲ್ಲಿ ಹಸಿರು ಮುಚ್ಚಿದಾಗ ಆ ಹಸಿರಿನ ಅಡಿಯ ಕೆಂಪು ಅದ್ಭುತವಾಗಿ ಕಾಣುತ್ತದೆ. ಬಳ್ಳಾರಿಯ ಗಣಿಗಾರಿಕೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಬೇಕಾಯಿತು ಎನ್ನುವುದನ್ನು ನಾವು ಮರೆತಿಲ್ಲ. ಅದಿರಿನ ಲಾರಿ ಓಡುವ ದಾರಿಯ ಪಕ್ಕದ ಎಲೆಗಳ ಮೇಲೆ ಕೂರುವುದೂ ಒಂದು ಕೆಂಪು, ಧೂಳಿನ ಕೆಂಪು. ಆ ದಾರಿಯ ಕೆಸರುಗುಂಡಿಯ ಒಂದು ಚಿತ್ರವನ್ನು ಕಂಡೆ. ಬಣ್ಣ ಏರಿಸಿ ಏರಿಸಿ ಮಾಣಿಕ್ಯದಂತೆ ಮಾಡಿದ್ದರು. ಕೆಳಗೆ ನೂರಾರು ಜನ "ಸ್ವರ್ಗ" ಎಂದು ಬರೆದಿದ್ದರು. ಸ್ವರ್ಗವಲ್ಲ ಅದು! ಆ ಧೂಳು ಜೋಳದ ಗರಿಯ ಮೇಲೆ ಕೂತಿದೆ, ಬಾಗಿಲಲ್ಲಿ ಕೂತ ಮುದುಕಿಯ ಸೆರಗಿನ ಮೇಲೆ ಕೂತಿದೆ. ಕೆರೆಗಳ ಮಾತೂ ಅಷ್ಟೇ. ಕೆರೆ ಕಣ್ಣು ಕೋರೈಸುವಷ್ಟು ಹಸಿರಾಗಿದ್ದರೆ ಅದು ಪಾಚಿ, ಅದಕ್ಕೆ ಕೊಳಚೆ ಸೇರುತ್ತಿರಬಹುದು. ಎಲ್ಲ ಕೆರೆಯನ್ನೂ ಮೊಬೈಲಿನಲ್ಲಿ ಹಸಿರು ಮಾಡಿಕೊಂಡು ಕೂತರೆ ಯಾವ ಕೆರೆ ಕೆಟ್ಟಿದೆ ಎಂದು ಹೇಗೆ ತಿಳಿಯುತ್ತೀರಿ? ಹೇಳಿ, ಹೇಗೆ ತಿಳಿಯುತ್ತೀರಿ?

ಈ ಮಾತಿಗೆಂದು ಬರೆದುಕೊಂಡ ಪುಟದಲ್ಲಿ ಇನ್ನೂ ಎರಡು ಕಾರಣಗಳಿವೆ. ಓದುವುದಿಲ್ಲ. ಕಾರಣ ಎಷ್ಟು ಕೊಟ್ಟರೂ ಏರಿಸುವವರು ಏರಿಸುತ್ತಾರೆ, ನನ್ನ ಮಾತೂ ಬದಲಾಗುವುದಿಲ್ಲ. ಬೂದು ಒಂದು ಬಣ್ಣ. ಕಂದು ಒಂದು ಬಣ್ಣ. ಮಾಸಲು ಬಿಳುಪು ಒಂದು ಬಣ್ಣ. ನಮ್ಮ ಊರುಗಳು ಈ ಬಣ್ಣಗಳಲ್ಲಿ ಇವೆ, ನಾನು ಅವುಗಳನ್ನು ಹಾಗೆಯೇ ಪ್ರೀತಿಸುತ್ತೇನೆ. ಬಾದಾಮಿಯ ಕಲ್ಲು ಕಿತ್ತಳೆ ಹಣ್ಣಲ್ಲ, ಅಲ್ಲ, ಅಲ್ಲ.

ಮಾಗಡಿಯ ಆ ಚಿತ್ರವನ್ನು ಕ್ಯಾಮೆರಾದಿಂದ ಬಂದ ಹಾಗೆಯೇ, ಒಂದು ಕೂದಲೂ ತಿದ್ದದೆ, ಈ ಸಂಚಿಕೆಯ ಜೊತೆ ಹಾಕಿದ್ದೇನೆ. ದೊಡ್ಡ ಪರದೆಯ ಮೇಲೆ ನೋಡಿ, ಎಷ್ಟು ಬೂದು ಬಣ್ಣಗಳನ್ನು ಎಣಿಸಿದಿರಿ ಎಂದು ಕೆಳಗೆ ಬರೆಯಿರಿ. ನನಗೆ ಒಂಬತ್ತು ಸಿಕ್ಕಿವೆ. ನಾನು ಶನಿವಾರ ಮತ್ತೆ ಶಿರಹಟ್ಟಿಯ ಕಡೆ ಹೊರಟಿದ್ದೇನೆ, ಬೆಳಿಗ್ಗೆ ಆರಕ್ಕೆ ಕೆರೆಯ ಏರಿಯ ಮೇಲೆ ಇರುತ್ತೇನೆ. ಮಂಜಿದ್ದರೆ ಮಂಜಿನ ಚಿತ್ರವೇ ಬರುತ್ತದೆ.