ಅಂಗೈ ಮೇಲಿನ ಮೂವತ್ತು

ಕೇಳುಗರಿಗೆ ನಮಸ್ಕಾರ. ನಾನು ಹಾವೇರಿಯಲ್ಲಿ ಹುಡುಗರಿಗೆ ಪ್ರೋಗ್ರಾಮಿಂಗ್ ಕಲಿಸುವವನು. ವೇರಿಯಬಲ್ ಎಂದರೆ ಪ್ರೋಗ್ರಾಮಿನಲ್ಲಿ ಒಂದು ಮೌಲ್ಯವನ್ನು ಹೆಸರು ಕೊಟ್ಟು ಇಡುವ ಜಾಗ. ಎರಡು ವೇರಿಯಬಲ್‌ಗಳ ಮೌಲ್ಯ ಅದಲು-ಬದಲು ಮಾಡುವ ಪಾಠ ಬಂದಾಗಲೆಲ್ಲ ತಂಬಿಗೆಯ ಲೆಕ್ಕ ಹೇಳುತ್ತಿದ್ದೆ. ಒಂದರಲ್ಲಿ ಹಾಲು, ಒಂದರಲ್ಲಿ ಮಜ್ಜಿಗೆ; ಬದಲಿಸಲು ಮೂರನೆಯದೊಂದು ಖಾಲಿ ತಂಬಿಗೆ ಬೇಕು. ಹುಡುಗರು ಗೋಣು ಹಾಕುತ್ತಿದ್ದರು. ಕಂಪ್ಯೂಟರ್ ಮುಂದೆ ಕೂತರೆ ಮತ್ತೆ ಗೊಂದಲ.

ತಪ್ಪು ನನ್ನ ತಂಬಿಗೆಯದೇ. ಹಾಲು ಸುರುವಿದರೆ ತಂಬಿಗೆ ಬರಿದಾಗುತ್ತದೆ, ವೇರಿಯಬಲ್ ಬರಿದಾಗುವುದಿಲ್ಲ. ಅದರಲ್ಲಿದ್ದುದನ್ನು ಎಷ್ಟು ಸಲ ನಕಲು ಮಾಡಿಕೊಂಡರೂ ಅಲ್ಲೇ ಇರುತ್ತದೆ. ಹೊಸದು ಬರೆದಾಗ ಮಾತ್ರ ಹಳೆಯದು ಅಳಿಯುತ್ತದೆ.

ಇದು ನನಗೆ ಹೊಳೆದದ್ದು ಬ್ಯಾಡಗಿಯ ಒಬ್ಬ ಹುಡುಗಿಯ ಮಾತಿನಿಂದ. ಅವರ ಮೆಣಸಿನಕಾಯಿ ಅಂಗಡಿಯಲ್ಲಿ ಎರಡು ಕರಿ ಬೋರ್ಡು: ಒಂದು ಕಡ್ಡಿಯ ದರಕ್ಕೆ, ಒಂದು ಡಬ್ಬಿಯ ದರಕ್ಕೆ. ಕಡ್ಡಿ ಎಂದರೆ ತೆಳ್ಳಗೆ, ಉದ್ದಕ್ಕೆ, ಸುಕ್ಕು ಸುಕ್ಕು. ಡಬ್ಬಿ ಗುಂಡಗೆ, ದಪ್ಪ. "ಸರ್, ಒಮ್ಮೆ ದರ ಅದಲಾಬದಲಿ ಬರದಿದ್ನಿ. ತಿದ್ದಾಕ ಹೋಗಿ ಕಡ್ಡಿದು ಒರಸಿ ಡಬ್ಬಿದು ಬರದ್ನಿ. ಆಮ್ಯಾಲ ನೋಡಿದ್ರ ಎರಡೂ ಕಡೆ ಒಂದ ದರ! ಅಪ್ಪಾರ್ನ ಕೇಳಿ ಬೈಸ್ಕೊಂಡ್ನಿ."

ಈಗ ಕಡ್ಡಿ ಎಂಬ ವೇರಿಯಬಲ್‌ನಲ್ಲಿ 30, ಡಬ್ಬಿಯಲ್ಲಿ 40 ಅನ್ನಿ. ಇದು ಪೇಟೆ ದರವಲ್ಲ, ಲೆಕ್ಕಕ್ಕೆ. 'ಕಡ್ಡಿ ಸಮ ಡಬ್ಬಿ' ಎಂದು ಬರೆದಿರೋ, ಕಡ್ಡಿ 40 ಆಯಿತು. ಮುಂದಿನ ಸಾಲಿನಲ್ಲಿ 'ಡಬ್ಬಿ ಸಮ ಕಡ್ಡಿ' ಎಂದರೆ ಡಬ್ಬಿಗೂ ಅದೇ 40. ಮೂವತ್ತು ಎಲ್ಲೂ ಇಲ್ಲ. ಅಂದಹಾಗೆ, ಪ್ರೋಗ್ರಾಮಿನಲ್ಲಿ ನಡುವೆ ಬರೆಯುವ '=' ಗುರುತನ್ನು 'ಸಮ' ಎಂದು ಓದುವುದೇ ದಾರಿ ತಪ್ಪಿಸುತ್ತದೆ. 'ಡಬ್ಬಿಯಲ್ಲಿ ಇರುವುದನ್ನು ಕಡ್ಡಿಯಲ್ಲಿ ಬರಿ' ಎಂದು ಬಾಯಿಬಿಟ್ಟು ಓದಿ ನೋಡಿ.

ಒರೆಸುವ ಮೊದಲು ಆ 30ನ್ನು ಅಂಗೈ ಮೇಲೆ ಬರೆದುಕೊಂಡಿದ್ದರೆ ಹುಡುಗಿಗೆ ಬೈಗುಳ ತಪ್ಪುತ್ತಿತ್ತು. ಆ ಅಂಗೈಯೇ ಮೂರನೆಯ ವೇರಿಯಬಲ್. ಅದನ್ನು ಟೆಂಪ್, ಅಂದರೆ ತಾತ್ಕಾಲಿಕ, ಎಂದು ಕರೆಯುತ್ತಾರೆ.

ಅಂಗೈ ಇಲ್ಲದೆಯೂ ಆಗುತ್ತದೆಯೇ ಎಂದು ಕೆಲಸದ ಸಂದರ್ಶನಗಳಲ್ಲಿ ಕೇಳುವುದುಂಟು. ಆಗುತ್ತದೆ. ಎರಡನ್ನೂ ಕೂಡಿ 70 ಎಂದು ಕಡ್ಡಿಯಲ್ಲಿಡಿ. 70ರಲ್ಲಿ 40 ಕಳೆದು ಡಬ್ಬಿಗೆ 30. ಮತ್ತೆ 70ರಲ್ಲಿ 30 ಕಳೆದು ಕಡ್ಡಿಗೆ 40. ಚಂದ ಕಾಣುತ್ತದೆ. ಆದರೆ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಋಣ ಸಂಖ್ಯೆಯನ್ನೂ ಹಿಡಿಯುವ 32 ಬಿಟ್ಟಿನ (ಸೊನ್ನೆ-ಒಂದರ 32 ಮನೆಗಳ) ಪೂರ್ಣಾಂಕ 2147483647 ದಾಟುವಂತಿಲ್ಲ. ದೊಡ್ಡ ಸಂಖ್ಯೆಗಳ ಮೊತ್ತ ಅದನ್ನು ಮೀರಿದರೆ ಲೆಕ್ಕ ಕೆಟ್ಟಿತು. ಒಂದು ಅಂಗೈ ಉಳಿಸಲು ಈ ಕಸರತ್ತು ನನಗಂತೂ ಬೇಡ.

ಪೈಥಾನ್ 3 ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೇರಿಯಬಲ್‌ಗೆ ಕನ್ನಡ ಅಕ್ಷರದ ಹೆಸರೇ ಇಡಬಹುದು. ಹುಡುಗಿ ಒಂದೇ ಸಾಲು ಬರೆದಳು: '=' ಗುರುತಿನ ಎಡಕ್ಕೆ 'ಕಡ್ಡಿ, ಡಬ್ಬಿ', ಬಲಕ್ಕೆ 'ಡಬ್ಬಿ, ಕಡ್ಡಿ'. ಓಡಿಸಿದರೆ ಬದಲಾಗೇ ಬಿಟ್ಟವು. "ಎರಡೂ ಕೈಯಿಂದ ಒಮ್ಮೆಲೇ ಬರದಂಗ ಐತ್ರಿ ಸರ್!" ಅಂದಳು. ಹಾಗಲ್ಲ. ಅದು ಬಲಗಡೆಯ ಎರಡನ್ನೂ ಮೊದಲು ಓದಿಟ್ಟುಕೊಂಡು, ಆಮೇಲೆ ಎಡಗಡೆ ಒಂದಾದ ಮೇಲೊಂದು ಬರೆಯುತ್ತದೆ. ಅಂಗೈ ಅದಕ್ಕೂ ಇದೆ, ನಮಗೆ ತೋರಿಸುವುದಿಲ್ಲ ಅಷ್ಟೆ. ನಮಸ್ಕಾರ.