ಮಾತಾಡದ ಸೋವೇ

ಈ ಕಪ್ಪು ಮುಖ ನೋಡಿ. ಗಾಜಿನ ಮೇಲೆ ದೀಪ ಹೊಳೆಯುತ್ತಿದೆ, ಸ್ವಲ್ಪ ಪಕ್ಕಕ್ಕೆ ಬರುತ್ತೇನೆ. ಹಾಂ, ಈಗ ಸರಿ ಕಾಣುತ್ತದೆ.

ಇದು ಸೋವೇ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿರುವ ಮೆಂಡೆ ಜನರ ಮುಖವಾಡ. ಮುಖಕ್ಕೆ ಕಟ್ಟಿಕೊಳ್ಳುವುದಲ್ಲ, ಹೆಲ್ಮೆಟ್ ಥರ ಇಡೀ ತಲೆಗೆ ಹಾಕಿಕೊಳ್ಳುವುದು. ಯಾರು ಹಾಕಿಕೊಳ್ಳುತ್ತಾರೆ ಗೊತ್ತಾ? ಹೆಂಗಸರು! ಆಫ್ರಿಕಾದ ಬಹಳ ಕಡೆ ಹೆಣ್ಣಿನ ಮುಖವಾಡವನ್ನೂ ಗಂಡಸರೇ ತೊಟ್ಟು ಕುಣಿಯುತ್ತಾರೆ. ಇಲ್ಲಿ ಕೆತ್ತುವುದಷ್ಟೇ ಗಂಡಸರ ಕೆಲಸ. ತೊಡುವವರು ಸಾಂಡೆ ಅನ್ನುವ ಹೆಂಗಸರ ಸಂಘದವರು.

ಹುಡುಗಿಯರನ್ನು ಊರಿಂದ ದೂರ ಇರಿಸಿ ಮನೆ ನಡೆಸುವುದು, ಹಾಡು, ಕುಣಿತ ಎಲ್ಲ ಕಲಿಸುವ ಸಂಘ ಅದು. ಕಲಿತು ಮುಗಿಸಿ ಅವರು ಊರಿಗೆ ಮರಳುವಾಗ ಸೋವೇ ಕುಣಿಯುತ್ತದೆ. ಮೈತುಂಬ ಕಪ್ಪು ರಾಫಿಯಾ, ಅಂದರೆ ಒಂದು ಬಗೆಯ ತಾಳೆ ಮರದ ನಾರು. ಒಳಗಿರುವ ಹೆಂಗಸಿನ ಮೈ ಎಲ್ಲೂ ಕಾಣಬಾರದು.

ಕುತ್ತಿಗೆಯ ಈ ಸುತ್ತುಗಳನ್ನು ನೋಡಿ. ಸೋವೇ ನೀರಿನ ಆಳದಿಂದ ಎದ್ದು ಬರುವ ಶಕ್ತಿ ಅಂತ ನಂಬಿಕೆ. ನೀರಿಂದ ತಲೆ ಎತ್ತಿದಾಗ ಸುತ್ತ ಅಲೆ ಹರಡುತ್ತದಲ್ವಾ, ಆ ಅಲೆಗಳೇ ಇವು ಅನ್ನುತ್ತಾರೆ. ತುಂಬಿದ ಮೈಯ, ಒಳ್ಳೆ ಆರೋಗ್ಯದ ಗುರುತು ಅಂತಲೂ ಹೇಳುತ್ತಾರೆ. ಎಷ್ಟು ನಾಜೂಕಾದ ಜಡೆ! ಬಾಯಿ ಮಾತ್ರ ಪುಟ್ಟದು, ಮುಚ್ಚಿದೆ. ಸೋವೇ ಮಾತಾಡುವುದಿಲ್ಲ.

ನಗಿಸುವುದಕ್ಕೆ ಗೋಂಡೆ ಅಂತ ಇನ್ನೊಂದು ಇದೆ. ಹಳೇ ಮುಖವಾಡ, ಹರಕು ವೇಷ. ಸೋವೇ ಗಂಭೀರವಾಗಿರುವಾಗ ಇದು ಜನರ ಮಧ್ಯೆ ನುಗ್ಗಿ ತಮಾಷೆ ಮಾಡುತ್ತದೆ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ಬ್ರಿಟಿಷ್ ಮ್ಯೂಸಿಯಂನ ಒಂದು ಸೋವೇ ತಲೆಯ ಮೇಲೆ ಯುರೋಪಿನವರ ಎತ್ತರದ ಟೋಪಿಯನ್ನೂ ಕೆತ್ತಿದ್ದಾರೆ. 1886ರಲ್ಲಿ ಲಂಡನ್ನಿನ ಪ್ರದರ್ಶನಕ್ಕೆ ಬಂದಿದ್ದು ಅದು.

ಒಂದು ವಿಷಯ ಮುಚ್ಚಿಡಲಾರೆ. ಸಾಂಡೆ ಸಂಘಕ್ಕೆ ಸೇರಿಸುವಾಗ ಹುಡುಗಿಯರ ಜನನಾಂಗ ಕತ್ತರಿಸುವ ಪದ್ಧತಿ ಇದೆ. ಅದರಿಂದ ಜೀವ ಹೋಗಿದ್ದೂ ಇದೆ. ಅದನ್ನು ನಿಲ್ಲಿಸಿ, ಕಲಿಕೆ, ಕುಣಿತ ಉಳಿಸಿಕೊಳ್ಳೋಣ ಅಂತ ಸಿಯೆರಾ ಲಿಯೋನ್‌ನ ಹೆಂಗಸರೇ ಹೋರಾಡುತ್ತಿದ್ದಾರೆ. ನಾನು ಅವರ ಕಡೆ.

ಕ್ಯಾಮೆರಾ ಸ್ವಲ್ಪ ಕೆಳಗೆ ತರುತ್ತೇನೆ. ಅಂಚಿನಲ್ಲಿ ಸಾಲಾಗಿ ಸಣ್ಣ ತೂತುಗಳಿವೆ, ಕಂಡವಾ? ರಾಫಿಯಾ ನಾರು ಕಟ್ಟುತ್ತಿದ್ದದ್ದು ಅಲ್ಲಿ. ಈಗ ಅವೆಲ್ಲ ಖಾಲಿ.